ಕೇಳದೇ ಹಾಕಿದ ಹೊಲಿಗೆ

ನನ್ನ ತಂಗಿಗೆ ಮಾತಾಡಲು ಎದುರಿಗೆ ಮನುಷ್ಯರೇ ಇರಬೇಕೆಂದೇನಿಲ್ಲ. ಕಿತ್ತುಹೋದ ಚೀಲವೊಂದಿದ್ದರೂ ಸಾಕು. "ಏನಪ್ಪಾ, ಬಾಯಿ ಯಾಕೆ ಹೀಗೆ ಸೊಟ್ಟ ಮಾಡ್ಕೊಂಡಿದ್ದೀಯ?" ಎಂದು ಜಿಪ್ಪಿನ ಜೊತೆ ಶುರುಮಾಡಿದಳೆಂದರೆ, ಪಕ್ಕದಲ್ಲಿ ನಿಂತ ಚೀಲದ ಒಡೆಯನಿಗೂ ಬಾಯಿ ಬಂದುಬಿಡುತ್ತದೆ. ಅವನು ಮೇಲಧಿಕಾರಿಯ ಕಾಟ, ಮಗಳ ಗಣಿತ, ಹೆಂಡತಿಯ ತವರು ಎಲ್ಲವನ್ನೂ ಬಿಚ್ಚಿಡುವ ಹೊತ್ತಿಗೆ ಇವಳು ಜಿಪ್ಪು ಮುಚ್ಚಿ ಕೈಗೆ ಕೊಟ್ಟಿರುತ್ತಾಳೆ. ಚೀಲ ಗಟ್ಟಿಯಾಗಿ, ಮನಸ್ಸು ಹಗುರಾಗಿ ಅವನು ಹೊರಡುತ್ತಾನೆ.

ಈ ಚೀಲ ರಿಪೇರಿ ಅಂಗಡಿ ಮೂಲದಲ್ಲಿ ಅವಳ ಅತ್ತೆಯದು. ಅವರನ್ನು ಬೀದಿಗೆ ಬೀದಿಯೇ ದೊಡ್ಡಮ್ಮ ಎನ್ನುತ್ತದೆ. ನಾನೂ ಹಾಗೇ ಅನ್ನುತ್ತೇನೆ. ಅರ್ಧ ಗೌರವಕ್ಕೆ, ಇನ್ನರ್ಧ ಭಯಕ್ಕೆ. ಗಂಡ ತೀರಿಕೊಂಡ ಮೇಲೆ ಚರ್ಮ ಹೊಲಿಯುವ ಹಳೆಯ ಮೆಷಿನ್ನೊಂದನ್ನು ಕೊಂಡು, ಮುಖ್ಯ ಬೀದಿಯ ಒಂದೇ ಬಾಗಿಲಿನ ಅಂಗಡಿಯಲ್ಲಿ ಕೂತು, ಸೂಟ್‌ಕೇಸು, ಶಾಲೆಯ ಚೀಲ, ಹೆಂಗಸರ ಕೈಚೀಲ ಹೊಲಿದು ಮಗನನ್ನು ಬೆಳೆಸಿದವರು. ಕಣ್ಣು ಮಂಜಾದಾಗ ಸೂಜಿಯನ್ನು ಮಗನಿಗೆ ಕೊಡಲಿಲ್ಲ, ಸೊಸೆಗೆ ಕೊಟ್ಟರು. "ಅವನಿಗೆ ಸ್ಟಿಯರಿಂಗ್ ಹಿಡಿಯೋದು ಗೊತ್ತು. ನೆಟ್ಟಗೆ ಹೊಲಿಯೋ ಅಂದ್ರೆ ತಿರುವು ತಗೋತಾನೆ" ಎಂಬುದು ಲಾರಿ ಓಡಿಸುವ ಮಗನ ಬಗ್ಗೆ ಅವರ ತೀರ್ಪು.

ಸೂಜಿ ಬಿಟ್ಟರೂ ದೊಡ್ಡಮ್ಮ ಸ್ಟೂಲು ಬಿಡಲಿಲ್ಲ. ಜಿಪ್ಪಿನ ರನ್ನರುಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಲ್ಲೇ ಅಳತೆ ನೋಡಿ ವಿಂಗಡಿಸುತ್ತಾ ಮೂಲೆಯಲ್ಲಿ ಕೂತಿರುತ್ತಾರೆ. ಮೆಷಿನ್ನಿನ ಸದ್ದು ಸ್ವಲ್ಪ ಬದಲಾದರೆ ಸಾಕು, "ದಾರ ಬಿಗಿಯಾಯ್ತು ನೋಡೇ" ಎನ್ನುತ್ತಾರೆ. "ನೋಡ್ದೆ ಅತ್ತೆ" ಎಂದು ಇವಳು ನೋಡದೆಯೇ ಹೇಳುತ್ತಾಳೆ. "ಸುಳ್ಳು" ಎಂದು ಅವರೂ ನೋಡದೆಯೇ ಹೇಳುತ್ತಾರೆ.

ಚೀಲ ರಿಪೇರಿಗೆಂದೇ ಯಾರೂ ಮನೆಯಿಂದ ಹೊರಡುವುದಿಲ್ಲ. ಬೇರೆಲ್ಲಿಗೋ ಹೊರಟವರು ಅಂಗಡಿ ಕಂಡಾಗ, "ಅಯ್ಯೋ, ಅದೊಂದು ಹೊಲಿಸಬೇಕಿತ್ತಲ್ಲ" ಅಂದುಕೊಳ್ಳುತ್ತಾರೆ. ಹಾಗಾಗಿ ಅಂಗಡಿ ಕಣ್ಣಿಗೆ ಬೀಳುವುದೇ ಮುಖ್ಯ. ಹೀಗಿರುವಾಗ ಕಟ್ಟಡದ ಯಜಮಾನ ಆ ಜಾಗವನ್ನು ಮೊಬೈಲ್ ಅಂಗಡಿಗೆ ಕೊಟ್ಟುಬಿಟ್ಟ. ದಾಕ್ಷಿಣ್ಯಕ್ಕೆ ಹಿಂದಿನ ಗೋದಾಮನ್ನು ಇವರಿಗೆ ಬಿಟ್ಟ. ಅಲ್ಲಿಗೆ ಹೋಗಲು ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ನನ್ನಂಥ ಹೊಟ್ಟೆಯವರಾದರೆ ಓರೆಯಾಗಿ ನುಸುಳಬೇಕು. ಸಾಮಾನು ಸಾಗಿಸಿದ ಮೇಲೆ ಆ ಸಂದಿಯಲ್ಲಿ ತಪ್ಪದೆ ಬರುತ್ತಿದ್ದುದು ಒಂದು ಬೆಕ್ಕು. ಅದಕ್ಕೆ ಚೀಲವಿರಲಿಲ್ಲ.

ದೊಡ್ಡಮ್ಮ ಮಾತನ್ನು ಸುತ್ತಿ ಬಳಸಿ ಆಡುವವರಲ್ಲ. "ಶಾಲೆ ಶುರುವಾಗೋ ಕಾಲದಲ್ಲೇ ನಮ್ಗೆ ಕೆಲಸ. ಆಗ್ಲೂ ಜನ ಬರದಿದ್ರೆ ಮೆಷಿನ್ ಕೊಟ್ಟುಬಿಡೋಣ. ಕಾರಿನ ಸೀಟ್ ಕವರ್ ಹೊಲಿಯೋನು ಕೇಳ್ತಾನೇ ಇದ್ದಾನೆ."

"ಆಮೇಲೆ ನಾನೇನ್ಮಾಡ್ಲಿ ಅತ್ತೆ?"

"ಚೀಲದ ಫ್ಯಾಕ್ಟರೀಲಿ ಜನ ಬೇಕಂತೆ."

"ಅಲ್ಲಿ ಬೆಳಗಿಂದ ಸಂಜೆವರೆಗೂ ಬರೀ ಹಿಡಿ ಹೊಲಿಯೋದಂತೆ. ಮಾತಾಡಂಗಿಲ್ಲವಂತೆ!"

"ಹಾಗಾದ್ರೆ ನೀನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ್ಬಿಡ್ತೀಯ ಬಿಡು" ಎಂದರು ದೊಡ್ಡಮ್ಮ. ನಗಲಿಲ್ಲ. ಸೊಸೆಯೂ ನಗಲಿಲ್ಲ. ಮೆಷಿನ್ನಿನ ಮೇಲಿನ ಎಣ್ಣೆ ಜಿಡ್ಡನ್ನು ಸೆರಗಿನಲ್ಲೇ ಒರೆಸುತ್ತಾ ಕೂತಳು.

ಆಗ ರಂಗಕ್ಕೆ ಬಂದವನು ನಾನು. ನಾನು ಹಾಸ್ಯ ಬರೆಯುವವನು. ನನ್ನ ಬರಹ ಓದಿ ನಕ್ಕವರು ಇನ್ನೂ ಸಿಕ್ಕಿಲ್ಲ. ನನ್ನನ್ನು ನೋಡಿ ನಕ್ಕವರು ಧಾರಾಳವಾಗಿ ಸಿಕ್ಕಿದ್ದಾರೆ. "ಜನ ಬೀದಿಯಲ್ಲಿಲ್ಲ ಕಣಮ್ಮಾ, ಫೋನಿನಲ್ಲಿದ್ದಾರೆ" ಎಂದು ದೊಡ್ಡ ತಜ್ಞನ ಹಾಗೆ ಹೇಳಿ, ಅಂಗಡಿಯ ಹೆಸರಲ್ಲೊಂದು ಫೇಸ್‌ಬುಕ್ ಪುಟ ತೆರೆದೆ. ಅರ್ಧ ದಿನ ತಲೆ ಕೆರೆದುಕೊಂಡು ಬರೆದೆ: "ಹರಿದ ಚೀಲವೆಂಬುದು ಬದುಕಿನ ರೂಪಕ. ಬನ್ನಿ, ಬದುಕನ್ನು ಹೊಲಿಯೋಣ." ಗಟ್ಟಿಯಾಗಿ ಓದಿಯೂ ತೋರಿಸಿದೆ.

ದೊಡ್ಡಮ್ಮ ಕೇಳಿದರು, "ಅಂಗಡಿ ಎಲ್ಲಿದೆ ಅಂತ ಬರ್ದಿದ್ಯೇನಪ್ಪಾ?"

ಬರೆದಿರಲಿಲ್ಲ.

ಸೇರಿಸಿ ಹಾಕಿದೆ. ಮೂರು ಲೈಕು ಬಂದವು. ಒಂದು ನನ್ನದು. ಇನ್ನೊಂದು ನನ್ನ ಹೆಂಡತಿಯದು, ಅದೂ ಎರಡು ಸಲ ನೆನಪಿಸಿದ ಮೇಲೆ. ಮೂರನೆಯದು ಯಾರೋ ಹೆಂಗಸಿನದು.

"ಇವ್ರು ಯಾರಣ್ಣ?" ಎಂದಳು ತಂಗಿ.

"ಯಾರೋ. ದಾರಿಯಲ್ಲಿ ಹೋಗೋರು."

"ಅಂಗಡಿ ಬಾಗಿಲಿಗೆ ಬಂದು ನಿಂತಿದ್ದಾರೆ, ಯಾರೋ ಅಂತೀಯಲ್ಲ! ಮಾತಾಡಿಸ್ಬೇಡ್ವಾ?" ಎಂದವಳೇ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಧ್ವನಿ ಸಂದೇಶ ಕಳಿಸಿಯೇಬಿಟ್ಟಳು: "ನಮಸ್ಕಾರ, ಬನ್ನಿ ಬನ್ನಿ. ಈಗಷ್ಟೇ ನಮ್ಮ ಅಂಗಡಿ ಲೈಕ್ ಮಾಡಿದ್ರಲ್ಲ? ಏನು ಹರಿದಿತ್ತು?"

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಾಗೆಲ್ಲ ಕೇಳಬಾರದು, ಲೈಕ್ ಮಾಡಿದವರು ಗಿರಾಕಿಗಳಲ್ಲ, ಅವರ ಪಾಡಿಗೆ ಬಿಡಬೇಕು ಎಂದು ಉಪದೇಶ ಮಾಡುತ್ತಿರುವಾಗಲೇ ಉತ್ತರ ಬಂತು: "ಏನೂ ಹರಿದಿಲ್ಲ. ಬೆರಳು ತಗುಲಿತು ಅಷ್ಟೆ."

"ಪರವಾಗಿಲ್ಲ, ಹರಿದಾಗ ಬನ್ನಿ. ಊಟ ಆಯ್ತಾ?" ಎಂದಳು ಇವಳು.

ಆ ಹೆಂಗಸು ಆಸ್ಪತ್ರೆಯ ನರ್ಸು. ಊಟ ಆಗಿರಲಿಲ್ಲವಂತೆ, ಡ್ಯೂಟಿ ಮುಗಿದಿರಲಿಲ್ಲವಂತೆ. ಯಾಕೆ ಆಗಿಲ್ಲ, ಯಾರು ರಜೆ ಹಾಕಿದ್ದಾರೆ ಎಂಬಲ್ಲಿಗೆ ಮಾತು ಹೋಯಿತು. ಸಂಜೆಯ ಹೊತ್ತಿಗೆ ಇನ್ನೊಂದು ಸಂದೇಶ: "ಅಂದ ಹಾಗೆ, ನಮ್ಮ ಮನೆಯ ಟ್ರಾಲಿ ಸೂಟ್‌ಕೇಸಿನ ಒಂದು ಚಕ್ರ ಕಿರ್ ಅನ್ನುತ್ತೆ. ನೀವು ನೋಡ್ತೀರಾ?"

ಸಂದಿಯೊಳಗೆ ಮೊದಲು ಬಂದ ಗಿರಾಕಿ ಆಕೆಯೇ. ಕಿರುಗುಟ್ಟುವ ಚಕ್ರದ ಸದ್ದು ಗೋಡೆಗಳ ನಡುವೆ ಎಷ್ಟು ಜೋರಾಗಿ ಕೇಳಿಸಿತೆಂದರೆ ಬೆಕ್ಕು ಆ ದಿನದಿಂದ ದಾರಿ ಬದಲಿಸಿತು.

ನಾನು ಬರೆಯುವುದನ್ನು ನಿಲ್ಲಿಸಿದೆ; ಅಂದರೆ, ನಿಲ್ಲಿಸಲಾಯಿತು. ತಂಗಿ ಪುಟವನ್ನು ಅಂಗಡಿಯ ಹಾಗೇ ನಡೆಸತೊಡಗಿದಳು. ಲೈಕ್ ಮಾಡಿದವರನ್ನೆಲ್ಲ "ಬನ್ನಿ" ಎಂದಳು. ಹೆದರಿ ಅವಳನ್ನು ಬ್ಲಾಕ್ ಮಾಡಿದವರೂ ಇದ್ದರು. "ಹೋಗ್ಲಿ, ಅವರಿಗೇನೋ ಅರ್ಜೆಂಟು" ಎಂದಳು. ರಿಪೇರಿಯಾಗಿ ಹೋದ ಚೀಲಗಳ ಆರೋಗ್ಯ ವಿಚಾರಿಸಿದಳು: "ನಿಮ್ಮ ಕಂದು ಚೀಲ ಹೇಗಿದೆ? ಜಿಪ್ಪು ಹಟ ಮಾಡ್ತಿಲ್ಲ ತಾನೆ? ನೀವು ಹೇಗಿದ್ದೀರ?" ಮೊದಲು ಚೀಲ, ಆಮೇಲೆ ಮನುಷ್ಯರು. ಆದರೂ ಜನರಿಗೆ ಹಿತವಾಗಿರಬೇಕು. ದಿನಕ್ಕೊಬ್ಬರೋ ಇಬ್ಬರೋ ಸಂದಿಯಲ್ಲಿ ಕಾಣಿಸಿಕೊಂಡರು. ಅಷ್ಟರಿಂದ ಅಂಗಡಿ ಉಳಿಯದೆಂಬುದು ಮೂವರಿಗೂ ಗೊತ್ತಿತ್ತು. ಶನಿವಾರ ಬಂದು ಮೆಷಿನ್ ನೋಡಿಕೊಂಡು ಹೋಗು ಎಂದು ದೊಡ್ಡಮ್ಮ ಸೀಟ್ ಕವರಿನವನಿಗೆ ಹೇಳಿಯೂ ಬಿಟ್ಟಿದ್ದರು.

ಕುಣಿಯಲಾರದವರು ನೆಲ ಡೊಂಕೆನ್ನುತ್ತಾರೆ. ನಾನು ವಿಡಿಯೋ ಇಲ್ಲದ್ದೇ ಕೊರತೆ ಎಂದೆ. ದೊಡ್ಡಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ಒಂದು ಸಂಜೆ, ಔಷಧಿ ಕಂಪನಿಯ ಮಾರಾಟಗಾರನೊಬ್ಬ ಹೆಗಲ ಪಟ್ಟಿಯ ಒಂದು ತುದಿ ಕಿತ್ತುಬಂದ ಚೀಲ ತಂದ. ತಂಗಿ ಹೊಲಿಯುವುದನ್ನು ನಾನು ಚಿತ್ರೀಕರಿಸಿದೆ. "ಸ್ವಲ್ಪ ಈ ಕಡೆ ತಿರುಗು. ನಗು. ಅಷ್ಟು ನಗಬೇಡ. ಬೆಳಕು ಹೋಗ್ತಾ ಇದೆ, ಬೇಗ ಮುಗಿಸು!" ಎಂದು ಬೊಬ್ಬೆ ಹಾಕುತ್ತಲೇ ಇದ್ದೆ. ವಿಡಿಯೋ ಚೆನ್ನಾಗಿಯೇ ಬಂತು, ಪುಟಕ್ಕೆ ಹಾಕಿದೆ.

ಬುಧವಾರ ಮಧ್ಯಾಹ್ನ ಆ ವಿಡಿಯೋದ ಕೆಳಗೆ ಮಾರಾಟಗಾರ ಬರೆದ: "ಇವರು ಹೊಲಿದ ಚೀಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಿತ್ತುಬಂತು. ಮೇಲಿಂದ ಕೆಳಗಿನವರೆಗೆ ಕೆಮ್ಮಿನ ಸಿರಪ್ಪು. ಈ ಅಂಗಡಿಯ ದಾರಕ್ಕಿಂತ ನಮ್ಮ ಸಿರಪ್ಪಿನ ಅಂಟೇ ಗಟ್ಟಿ. ಯಾರೂ ಹೋಗಬೇಡಿ." ಜೊತೆಗೊಂದು ಫೋಟೋ.

ಒಂದು ಗಂಟೆಯೊಳಗೆ ಅದಕ್ಕೆ ಬಿದ್ದಷ್ಟು ಲೈಕು ನನ್ನ ರೂಪಕಕ್ಕೆ ಜನ್ಮದಲ್ಲಿ ಬೀಳುವುದಿಲ್ಲ.

"ಅಳಿಸಿಬಿಡು" ಎಂದೆ. "ಇಲ್ಲಾಂದ್ರೆ ಹೇಳು, ನಾನೊಂದು ಚುರುಕಾದ ಉತ್ತರ ಬರೀತೀನಿ."

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಮುಖ ಬಿಳಿಚಿಕೊಂಡಿತು. "ಅಣ್ಣ, ನಾನು ಹೊಲಿದ ತುದಿ ಹಾಗೇ ಇದೆ. ಕಿತ್ತಿರೋದು ಇನ್ನೊಂದು ತುದಿ."

"ಮತ್ತೇನು! ನಿನ್ನ ತಪ್ಪೇ ಅಲ್ಲ. ಹಾಗಂತಲೇ ಬರೆಯೋಣ."

ಮೂಲೆಯಿಂದ ದೊಡ್ಡಮ್ಮನ ದನಿ ಬಂತು. "ಇನ್ನೊಂದು ತುದಿ ಹೊಲಿದಿರಲಿಲ್ವೇನೇ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ದೊಡ್ಡಮ್ಮ ಡಬ್ಬಿಯ ಮುಚ್ಚಳ ಹಾಕಿ, ಗೋಡೆಯ ಕಡೆ ತಿರುಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿಯುಂಟು, ನನಗೂ ಆಗಲೇ ಗೊತ್ತಾದದ್ದು. ಚೀಲದ ಪಟ್ಟಿ ಒಂದು ಕಡೆ ಕಿತ್ತುಬಂದರೆ, ಅಷ್ಟೇ ಭಾರ ಹೊತ್ತ ಇನ್ನೊಂದು ಕಡೆಯೂ ಇವತ್ತೋ ನಾಳೆಯೋ ಹೋಗುವುದೇ. ಹಾಗಾಗಿ ಗಿರಾಕಿ ಕೇಳಲಿ ಬಿಡಲಿ, ಎರಡಕ್ಕೂ ಹೊಲಿಗೆ ಹಾಕಿ ಕೊಡುವುದು. ಅದಕ್ಕೆ ದುಡ್ಡಿಲ್ಲ. ಹಾಕಿದ್ದೇವೆಂದು ಹೇಳುವುದೂ ಇಲ್ಲ. "ಹೇಳಿದ್ರೆ ಅದು ವ್ಯಾಪಾರ ಆಗೋಗುತ್ತೆ" ಎಂಬುದು ದೊಡ್ಡಮ್ಮನ ಮಾತು. ಅಷ್ಟು ವರ್ಷಗಳಲ್ಲಿ ಆ ಹೊಲಿಗೆ ತಪ್ಪಿದ್ದು ಅದೊಂದೇ ಸಂಜೆ, ನನ್ನ ನಿರ್ದೇಶನದಲ್ಲಿ.

ತಂಗಿ ಫೋನನ್ನು ಅಂಟಿನ ಡಬ್ಬಕ್ಕೆ ಒರಗಿಸಿ, ನನ್ನನ್ನು ಆಚೆ ಕಳಿಸಿ, ತಾನೇ ಮಾತಾಡಿದಳು. ಸಂದಿಯಲ್ಲಿ ಓರೆಯಾಗಿ ನಿಂತು ಕೇಳಿಸಿಕೊಂಡೆ.

"ನಮಸ್ಕಾರ. ಔಷಧಿಯವರ ಚೀಲ ಹೊಲಿದವಳು ನಾನೇ. ಒಂದು ತುದಿ ಕಿತ್ತುಬಂದ್ರೆ ಇನ್ನೊಂದಕ್ಕೂ ಹೊಲಿಗೆ ಹಾಕಿ ಕೊಡೋದು ನಮ್ಮಲ್ಲಿ ರೂಢಿ. ನೀವು ಕೇಳಿರಲ್ಲ, ನಾವು ಹೇಳಿರಲ್ಲ, ಹಾಕಿರ್ತೀವಿ. ನಮ್ಮತ್ತೆ ಕಲಿಸಿದ್ದು. ಅವತ್ತು ನಾನು ಕ್ಯಾಮೆರಾ ನೋಡ್ಕೊಂಡು ಕೂತೆ, ಚೀಲ ನೋಡ್ಲಿಲ್ಲ. ತಪ್ಪು ನನ್ದೇ. ಈಚೆಗೆ ನನ್ನ ಹತ್ರ ಪಟ್ಟಿ ಹೊಲಿಸ್ಕೊಂಡೋರು ಒಂದ್ಸಲ ತಂದು ತೋರಿಸ್ಬಿಡಿ. ಮೊಬೈಲ್ ಅಂಗಡಿ ಪಕ್ಕದ ಸಂದಿ. ಕತ್ತಲಿದೆ ಅಂತ ಹೆದರ್ಬೇಡಿ, ಒಳಗೆ ನಾವಿದ್ದೀವಿ."

ಮುಗಿಯಿತು, ಇದ್ದ ಮರ್ಯಾದೆಯನ್ನೂ ಕೈಯಾರೆ ಬೀದಿಗೆ ಚೆಲ್ಲಿದಳು ಅಂದುಕೊಂಡೆ. ಮರುದಿನ ಬೆಳಿಗ್ಗೆ ಮೊದಲ ಫೋಟೋ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡುವವನೊಬ್ಬ ಕಳಿಸಿದ್ದು: "ಕಾಲೇಜಿನಲ್ಲಿದ್ದಾಗ ದೊಡ್ಡಮ್ಮನ ಹತ್ತಿರ ಪಟ್ಟಿ ಹೊಲಿಸಿದ ಚೀಲ. ಈಗ ನನ್ನ ಮಗ ಹೊರುತ್ತಾನೆ. ಇವತ್ತು ತಿರುಗಿಸಿ ನೋಡಿದೆ. ಎರಡೂ ಕಡೆ ಹೊಲಿಗೆ ಇದೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ."

ಆಮೇಲೆ ಇನ್ನೊಂದು. ಮತ್ತೊಂದು. ಮೇಷ್ಟರೊಬ್ಬರ ಹೆಗಲ ಚೀಲ, ಮಗುವಿನ ಬುತ್ತಿಚೀಲ, ಎಲ್ಲೋ ದೂರದ ದೇಶದಲ್ಲಿರುವವಳ ಪ್ರಯಾಣದ ಚೀಲ. ಜನ ಅಟ್ಟದಿಂದ, ಮಂಚದಡಿಯಿಂದ ಹಳೆಯ ಚೀಲ ಎಳೆದು, ಒಳಮೈ ತಿರುಗಿಸಿ, ಯಾರೂ ಕೇಳದೇ ಹಾಕಿದ ಹೊಲಿಗೆಯನ್ನು ಹುಡುಕಿ ಹುಡುಕಿ ಫೋಟೋ ತೆಗೆದರು. "ನಂದರಲ್ಲೂ ಇದೆ!" ಎಂದು ಬರೆದರು.

ತಂಗಿ ಒಂದೊಂದನ್ನೂ ದೊಡ್ಡದು ಮಾಡಿ ಅತ್ತೆಯ ಮೂಗಿನ ಹತ್ತಿರ ಹಿಡಿದಳು. ದೊಡ್ಡಮ್ಮ ಕಣ್ಣು ಕಿರಿದು ಮಾಡಿ, "ಇದು ನನ್ನ ಕೈ" ಎಂದರು. "ಇದೂ ನಂದೇ." ಇನ್ನೊಂದಕ್ಕೆ, "ಇದು ನಿಂದು ಕಣೇ. ಕೊನೇ ಗಂಟು ದಪ್ಪ." ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ದಪ್ಪ ಇದ್ರೂ ಬಿಚ್ಚಿಲ್ಲ ನೋಡು" ಎಂದರು. ನನಗೆ ತಿಳಿದಂತೆ ಆ ಅಂಗಡಿಯಲ್ಲಿ ಸೊಸೆಗೆ ಸಿಕ್ಕಿದ ಮೊದಲ ಬಿರುದು ಅದು. ಅವಳು ಮುಖ ಆಚೆ ತಿರುಗಿಸಿ, ಇಲ್ಲದ ದಾರವನ್ನು ಸೂಜಿಗೆ ಪೋಣಿಸಿದಳು.

ಶನಿವಾರ ನಾನು ಹೋದಾಗ ಸಂದಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹರಿದ ಚೀಲದವರು, ಹರಿಯದ ಚೀಲದವರು, ಬರೀ ದೊಡ್ಡಮ್ಮನನ್ನು ನೋಡಲು ಬಂದವರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮೊಬೈಲ್ ಅಂಗಡಿಯವನು ಹೊರಗೆ ಬಂದು, ಈ ಸಾಲು ತನ್ನದಲ್ಲವಲ್ಲ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಸಾಲಿನಲ್ಲಿ ಔಷಧಿಯವನೂ ಇದ್ದ. "ಅಕ್ಕಾ, ನಾನು ಬರ್ದಿದ್ದನ್ನ ತೆಗೆದುಬಿಡ್ಲಾ?" ಎಂದ ತಲೆ ತಗ್ಗಿಸಿ.

"ಬೇಡಿ, ಇರ್ಲಿ. ಸಿರಪ್ಪಿನ ಮಾತು ಚೆನ್ನಾಗಿದೆ. ನಮ್ಮಣ್ಣ ಇಷ್ಟು ವರ್ಷ ಬರ್ದ್ರೂ ಅಂಥದ್ದೊಂದು ಬರ್ದಿಲ್ಲ. ಕೊಡಿ ಇಲ್ಲಿ ಚೀಲ."

ಅವನ ಹಿಂದೆಯೇ, ಜನರನ್ನು ತಳ್ಳಿಕೊಂಡು ಬಂದ ಸೀಟ್ ಕವರಿನವನು ಬೆವರೊರೆಸುತ್ತಾ ಕೇಳಿದ, "ದೊಡ್ಡಮ್ಮಾ, ಮೆಷಿನ್ನು?"

ದೊಡ್ಡಮ್ಮ ಅವನ ದನಿಯನ್ನು ಗುರುತಿಸದವರಲ್ಲ. ಆದರೂ ಮುಖವನ್ನು ಅವನ ಕಡೆಗೆತ್ತಿ, "ಸಾಲಲ್ಲಿ ಬಾಪ್ಪಾ. ನಿಂದೇನು ಹರಿದಿದೆ?" ಎಂದರು.

ಅವನು ಮೆಷಿನ್ನನ್ನೂ ಸಾಲನ್ನೂ ನೋಡಿದ. ಬುದ್ಧಿವಂತ. ನಕ್ಕು, ಬಂದ ದಾರಿಯಲ್ಲೇ ನುಸುಳಿ ಹೋದ.

"ಇಷ್ಟು ಜನ ಸೇರಿದ್ದಾರೆ, ಒಂದು ಫೋಟೋನಾದ್ರೂ ಹಾಕೇ" ಎಂದು ನಾನು ತಂಗಿಯನ್ನು ಪೀಡಿಸಿದೆ.

"ಎದುರಿಗೇ ಬಂದು ನಿಂತಿದ್ದಾರಲ್ಲಣ್ಣ, ಮೊದಲು ಇವ್ರನ್ನ ಮಾತಾಡಿಸ್ತೀನಿ. ಹ್ಞಾಂ, ಬನ್ನಿ ಅಮ್ಮಾ, ನಿಮ್ದೇನು?"

ಫೋಟೋ ನಾನೇ ತೆಗೆದೆ. ಅರ್ಧಕ್ಕರ್ಧ ನನ್ನ ಹೆಬ್ಬೆರಳೇ ಬಂದಿದೆ. ಉಳಿದರ್ಧದಲ್ಲಿ, ತೊಡೆಯ ಮೇಲೆ ಯಾರದೋ ಚೀಲ, ತುಟಿಯಲ್ಲಿ ದಾರ, ಎದುರಿಗಿದ್ದವರಿಗೆ ಏನನ್ನೋ ಹೇಳಲು ಆಗಲೇ ತೆರೆದ ಬಾಯಿ: ನನ್ನ ತಂಗಿ. ಯಾರು ಸಿಕ್ಕಿದರೂ ಅದನ್ನು ತೆಗೆದು ತೋರಿಸುತ್ತೇನೆ. ಈಗ ನಿಮಗೂ ತೋರಿಸಿದ್ದಾಯಿತು.