ಬಿದ್ದವನು ಏಳಲು ಎಷ್ಟು ಹೊತ್ತು

ಹೊಡೆತಗಳನ್ನು ವಾಕ್ಯಗಳಲ್ಲಿ ಬರೆಯುವುದು ಆ ವರ್ಷ ನನ್ನ ಕೆಲಸವಾಗಿತ್ತು. ನಮ್ಮ ಸಣ್ಣ ಕಂಪನಿ ಮೊಬೈಲಿನಲ್ಲಿ ಆಡುವ ಹೊಡೆದಾಟದ ಆಟವೊಂದನ್ನು ಮಾಡುತ್ತಿತ್ತು. ಪ್ರೋಗ್ರಾಂ ಬರೆಯುವವರು ಕೈಹಾಕುವ ಮೊದಲು, ಆಟದಲ್ಲಿ ಏನೇನು ಆಗಬೇಕು ಎಂದು ಒಂದೊಂದಾಗಿ ಬರೆದುಕೊಡುವವಳು ನಾನು. ಪ್ರತಿ ವಾಕ್ಯವನ್ನೂ ಪರೀಕ್ಷಿಸಿ, ಆಗಿದೆ ಅಥವಾ ಆಗಿಲ್ಲ ಎನ್ನುವಂತಿರಬೇಕು. 'ಜೋರಾಗಿ ಹೊಡೆದರೆ' ಎಂದು ಬರೆಯುವಂತಿಲ್ಲ. ಎಲ್ಲಿಗೆ, ಯಾವುದರಿಂದ, ಎಷ್ಟು ರಕ್ತ, ಎಲ್ಲ ಹೇಳಬೇಕು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಅಮ್ಮನ ಹಸುಗಳ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ಕೂತು, ಹುಟ್ಟಿದಾಗಿನಿಂದ ಯಾರಿಗೂ ಒಂದು ಏಟು ಹಾಕದ ನಾನು ದಿನಕ್ಕೆ ಇಪ್ಪತ್ತು ಮೂವತ್ತು ಏಟು ಬರೆಯುತ್ತಿದ್ದೆ.

ಅಕ್ಕ ಗಂಡನ ಮನೆಯಿಂದ ಬಂದದ್ದು ಆಗಲೇ. ಬಾವ ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಿದ್ದ, ಮನೆ ಉರಿಗಾಂನಲ್ಲಿ. ಅವಳ ಬಲಗಣ್ಣು ಊದಿ ಮುಚ್ಚಿಹೋಗಿತ್ತು, ಕೆಳತುಟಿ ಸೀಳಿತ್ತು. ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಬಂದಿದ್ದಳು. ಹಿಂದೆ ಎರಡು ಸಲ ಹೀಗೆ ಬಂದಾಗ ಅಮ್ಮ ಸಮಾಧಾನ ಹೇಳಿ ವಾಪಸು ಕಳಿಸಿದ್ದಳು. ನಾನೂ ಸುಮ್ಮನಿದ್ದೆ.

ನಾಲ್ಕನೆಯ ದಿನ ಅವಳು ನನ್ನ ಹಿಂದೆ ಬಂದು ನಿಂತಳು. "ಏನ್ಲೇ ಬರೀತಾನೇ ಇದೀಯ?"

ಕಪಾಳಕ್ಕೆ ಏಟು ಬಿದ್ದರೆ ಎದುರಾಳಿ ಬೀಳಬೇಕು, ಎರಡು ಸೆಕೆಂಡಿಗೆ ಏಳಬೇಕು ಎಂದು ಬರೆಯುತ್ತಿದ್ದೇನೆ ಎಂದೆ. ಸೀಳಿದ ತುಟಿಯಲ್ಲೇ ನಕ್ಕಳು.

"ಎರಡು ಸೆಕೆಂಡಾ? ಯಾರು ಯೋಳಿದ್ದು ನಿಂಗೆ? ಕಪಾಳಕ್ಕೆ ಬಿದ್ರೆ ಮೊದ್ಲು ಕಿವಿ ಓಯ್ತದೆ ಕಣೇ. ಗುಂಯ್ ಅಂತದೆ, ಆಮೇಲೆ ಏನೂ ಕೇಳ್ಸಲ್ಲ. ನೋವು ಅದಾದ್ಮೇಲೆ ಬತ್ತದೆ."

"ಒಟ್ಟೆಗೆ ಒದ್ರೆ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಉಸ್ರು ಆಚೆಗೂ ಓಗಲ್ಲ, ಒಳಕ್ಕೂ ಬರಲ್ಲ. ಬಾಯಿ ತಗ್ದೇ ಇರ್ತೀಯ, ಕೂಗಕ್ಕಾಗಲ್ಲ. ಕೂಗ್ಲಿಲ್ಲ ಅಂತ ಅವ್ನು ಇನ್ನೂ ಒದೀತಾನೆ."

ನಾನು ಬರೆದುಕೊಂಡೆ. ಆ ವಾರವೆಲ್ಲ ಹೀಗೇ ನಡೆಯಿತು. ಕೂದಲು ಹಿಡಿದು ಎಳೆದರೆ ಕುತ್ತಿಗೆ ಯಾವ ಕಡೆ ತಿರುಗುತ್ತದೆ, ಬೆಲ್ಟಿನ ಬಕಲ್ ಬಿದ್ದ ಜಾಗ ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ, ಎಲ್ಲವನ್ನೂ ಅವಳು ರಾಗಿ ಕೇರುತ್ತಾ ಹೇಳುತ್ತಿದ್ದಳು, ನಾನು ವಾಕ್ಯ ಮಾಡುತ್ತಿದ್ದೆ. ಏಟು ತಿಂದ ಕೂಡಲೇ ಆಟದ ಶಬ್ದವೆಲ್ಲ ಒಂದೂವರೆ ಸೆಕೆಂಡು ನಿಲ್ಲಬೇಕು ಎಂಬುದು ಅವಳಿಂದ ಬಂದದ್ದು. ಬೆಂಗಳೂರಿನಿಂದ ನಮ್ಮ ತಂಡದ ಮುಖ್ಯಸ್ಥ ಫೋನ್ ಮಾಡಿ, "ಅದ್ಭುತವಾಗಿದೆ ಮೇಡಂ, ಮೈ ಜುಂ ಅನ್ನುತ್ತೆ. ಎಲ್ಲಿಂದ ತಂದ್ರಿ ಇದನ್ನೆಲ್ಲ?" ಎಂದ. ಕೇಳಿ ತಿಳಿದುಕೊಂಡೆ ಎಂದೆ. ಆ ಹೊಗಳಿಕೆಯಿಂದ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡಲಾರೆ.

ಮುಂದಿನ ಸೋಮವಾರ ಬೆಳಿಗ್ಗೆ ಅಮ್ಮ ಡೇರಿಗೆ ಹಾಲು ಹಾಕಲು ಹೋಗಿದ್ದಾಗ ಬಾವ ಬಂದ. ಅಕ್ಕ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆಟೋದಿಂದ ಇಳಿದವನೇ ಮಾತಿಲ್ಲದೆ ಅವಳ ಜಡೆಗೆ ಕೈಹಾಕಿ ಎಳೆದ. ಬಿಂದಿಗೆ ಉರುಳಿತು. ಚಪ್ಪಡಿ ಕಲ್ಲಿನ ಮೇಲೆ ಅವಳ ಮೊಣಕಾಲು ತರಚುತ್ತಾ ಹೋಯಿತು.

"ಬಿಡು ಬಾವ! ಬಿಡು!" ಎಂದು ಓಡಿಬಂದೆ.

"ನನ್ ಎಂಡ್ತಿ, ನಿಂದೇನೇ? ಒಳಿಕ್ ಓಗು!" ಎಂದವನು ಅವಳ ತಲೆಯನ್ನು ಆಟೋದ ಕಬ್ಬಿಣದ ಕಂಬಿಗೆ ಕುಟ್ಟಿದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಮತ್ತೆ ಕುಟ್ಟಿದ. ಅವಳ ಬಾಯಿ ತೆರೆದಿತ್ತು, ಶಬ್ದ ಮಾತ್ರ ಇರಲಿಲ್ಲ.

ಕೊಟ್ಟಿಗೆಯ ಬಾಗಿಲಿಗೆ ಗುದ್ದಲಿಗೆ ಹಾಕುವ ಮರದ ಕಾವೊಂದು ಒರಗಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಹೆಗಲಿಗೆ ಹೊಡೆದೆ. ಮೂಳೆ ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವನು ಜಡೆ ಬಿಟ್ಟು ಮಂಡಿಯೂರಿ ಕುಸಿದ. ಇನ್ನೊಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದು, "ಬ್ಯಾಡ, ಬ್ಯಾಡಮ್ಮ" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಅಕ್ಕ ಆಗಲೇ ದೂರ ಸರಿದಿದ್ದಳು. ನಾನು ಗುರಿಯಿಟ್ಟು, ಅವನು ಅಡ್ಡ ಹಿಡಿದಿದ್ದ ಕೈಗೇ ಹೊಡೆದೆ. ಮೊಣಕೈಯ ಕೆಳಗೆ ಕೈ ಬಾಗಬಾರದ ಕಡೆಗೆ ಬಾಗಿತು. ಅವನು ಸಗಣಿ ನೀರಿನಲ್ಲಿ ಬಿದ್ದು ಹೊರಳಿದ. ಮತ್ತೆ ಎತ್ತಿದಾಗ ಹಿಂದಿನಿಂದ ಅಕ್ಕ ಕಾವು ಹಿಡಿದುಕೊಂಡಳು. ಪಕ್ಕದ ಮನೆಯವರು ಓಡಿಬಂದು ಎತ್ತುವವರೆಗೂ ಅವನು ಏಳಲಿಲ್ಲ.

ಅಕ್ಕನ ಹಣೆಗೆ ಆರು ಹೊಲಿಗೆ ಬಿತ್ತು. ಬಾವ ಆಸ್ಪತ್ರೆಯಲ್ಲಿ, ಬೇತಮಂಗಲದ ರಸ್ತೆಯಲ್ಲಿ ಆಟೋ ಮಗುಚಿತು ಎಂದು ಹೇಳಿದನಂತೆ. ನಾದಿನಿಯ ಕೈಲಿ ಏಟು ತಿಂದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆಮೇಲೆ ನಮ್ಮ ಊರಿನ ಕಡೆ ತಲೆ ಹಾಕಲಿಲ್ಲ. ಊರೆಲ್ಲ ನನ್ನನ್ನು ಹೊಗಳಿತು. ಅಮ್ಮ ಕೂಡ ಮತ್ತೆಂದೂ ಅಕ್ಕನಿಗೆ ವಾಪಸು ಹೋಗು ಎನ್ನಲಿಲ್ಲ.

ಆದರೆ ಹೊಲಿಗೆ ಬಿಚ್ಚಿದ ವಾರವೇ ಅಕ್ಕ ಬಂಗಾರಪೇಟೆಯಲ್ಲಿ ಕೋಣೆ ಹಿಡಿದು, ಟೈಲರ್ ಅಂಗಡಿಯ ಕೆಲಸಕ್ಕೆ ಸೇರಿದಳು. ಹೊರಡುವ ದಿನ, ಇಲ್ಲೇ ಇರು ಎಂದು ಬೇಡಿಕೊಂಡೆ.

"ಮೊದುಲ್ನೇ ಏಟು ನಂಗೋಸ್ಕರ ಒಡ್ದೆ. ಎರಡ್ನೇದು ಯಾಕೆ ಒಡ್ದೆ?" ಎಂದಳು.

ನಾನು ಅವಳ ಚೀಲ ಹಿಡಿದುಕೊಂಡೆ, ಅವಳು ಬಿಡಿಸಿಕೊಂಡಳು.

"ಆವಾಗ ನಿನ್ ಮುಕ ಅವನ್ ಮುಕದಂಗೇ ಇತ್ತು. ನಿನ್ ಕಂಡ್ರೂ ಬಯ ಆಯ್ತದೆ ಕಣೇ."

ಅದೇ ತಿಂಗಳು, ಬಿದ್ದ ಎದುರಾಳಿಗೆ ಇನ್ನೊಂದು ಏಟು ಹಾಕಿದರೆ ಹೆಚ್ಚು ಅಂಕ ಕೊಡೋಣ, ಬರೆದುಕೊಡಿ ಎಂದು ಮುಖ್ಯಸ್ಥ ಕೇಳಿದ. ಆಗುವುದಿಲ್ಲ ಎಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬರೆದುಕೊಟ್ಟೆ, ಐದು ನಿಮಿಷ ಹಿಡಿಯಿತು. ಕೆಲಸ ಬಿಟ್ಟದ್ದು ಆಟ ಹೊರಬಂದ ಮೇಲೆ. ಈಗ ಬ್ಯಾಂಕುಗಳಿಗೆ ಬೇಕಾದ ಸಾಫ್ಟ್‌ವೇರಿಗೆ ಇಂಥ ವಾಕ್ಯ ಬರೆಯುತ್ತೇನೆ.

ಅಕ್ಕ ಭಾನುವಾರಗಳಂದು ಊಟಕ್ಕೆ ಬರುತ್ತಾಳೆ. ಒಮ್ಮೆ ಅವಳ ತಲೆಯ ಮೇಲಿನ ಗೂಡಿನಿಂದ ಉಪ್ಪಿನಕಾಯಿ ಜಾಡಿ ಇಳಿಸಲು ನಾನು ಕೈ ಎತ್ತಿದೆ. ತಟ್ಟೆ ಬಿಟ್ಟು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಅಂದಿನಿಂದ ಕೈ ಎತ್ತುವ ಮೊದಲು, "ಅಕ್ಕ, ಜಾಡಿ ತಗೀತೀನಿ" ಎನ್ನುತ್ತೇನೆ. ಅವಳು ಹೂಂ ಎಂದ ಮೇಲೆ ತೆಗೆಯುತ್ತೇನೆ.