ಹಲಗೆಯ ಮೂರನೆಯ ಸಾಲು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಆಗ ನಮ್ಮ ಸ್ಕೂಟಿ ಸೇತುವೆಯ ನಟ್ಟನಡುವೆ ನಿಂತುಹೋಯಿತು. ನಿಮಿಷ ಕೂಡ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಸುತ್ತಲೂ ನೀರು ಏರುತ್ತಿರುವಾಗ ಬುದ್ಧಿ ನೆಟ್ಟಗಿರುವವರು ಏನು ಮಾಡುತ್ತಾರೋ ತಿಳಿಯದು, ನಾನು ಕೈಗಡಿಯಾರ ನೋಡಿಕೊಂಡೆ. ಇತಿಹಾಸ ಕಲಿಸುವವರ ಚಟ ಇದು. ಏನಾಯಿತು ಎಂಬುದಕ್ಕಿಂತ ಮೊದಲು ಯಾವಾಗ ಆಯಿತು ಎಂದು ಗುರುತು ಮಾಡಿಕೊಳ್ಳುತ್ತೇವೆ.

ಗೋಕಾಕದ ನಮ್ಮ ಕಾಲೇಜಿನಲ್ಲಿ ಕೊನೆಯ ಗಂಟೆ ಹೊಡೆಯುವುದೂ ನಾಲ್ಕು ಹತ್ತಕ್ಕೇ. ಆ ದಿನದ ನಂತರ ಒಂದು ವರ್ಷ, ಗಂಟೆ ಹೊಡೆದಾಗಲೆಲ್ಲ ನನ್ನ ಅಂಗೈ ಬೆವರಿ, ಹಿಡಿದ ಸೀಮೆಸುಣ್ಣ ತೇವವಾಗಿ, ಹಲಗೆಯ ಮೇಲೆ ಮೂಡದೆ ಜಾರುತ್ತಿತ್ತು. ನಿನ್ನೆ ಗಂಟೆ ಹೊಡೆಯಿತು, ಮಕ್ಕಳು ಎದ್ದು ಹೋದರು, ಸೀಮೆಸುಣ್ಣ ಒಣಗಿಯೇ ಇತ್ತು. ಖಾಲಿ ಕೋಣೆಯಲ್ಲಿ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತೆ. ರುದ್ರಪ್ಪ ಕಾಕಾರ ಬಗ್ಗೆ ಬರೆಯಬೇಕೆನಿಸಿದ್ದು ಆಗ.

ರುದ್ರಪ್ಪ ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಮೂಡಲಗಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯವರು, ಸಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾಗಿ ನಿವೃತ್ತರಾದವರು, ಪೇಟಿ ಬಾರಿಸುವವರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಆದರೆ ಊರಿಗೆ ಅವರ ಗುರುತು ವಾಚನಾಲಯದ ಬಾಗಿಲ ಬಾಜೂ ಇರುವ ಕರಿ ಹಲಗೆಯಿಂದ. ಬೆಳಿಗ್ಗೆ ಏಳಕ್ಕೆ ಬಂದು, ನಿನ್ನೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿ, ‘ಇದೇ ದಿನ’ ಎಂದು ತಲೆಬರಹ ಹಾಕಿ ಮೂರು ಸಾಲು ಬರೆಯುತ್ತಾರೆ. ಮೊದಲ ಸಾಲು ಸಂಗೀತದ್ದು: ಯಾವ ಗಾಯಕರು ಹುಟ್ಟಿದರು, ಯಾವ ಸಿತಾರ ವಾದಕರು ತೀರಿಕೊಂಡರು. ಎರಡನೆಯದು ಜಗತ್ತಿನದು: ಎಲ್ಲಿ ರಾಜನನ್ನು ಇಳಿಸಿದರು, ಯಾವ ನಾಡಿಗೆ ಸ್ವಾತಂತ್ರ್ಯ ಬಂತು. ಮೂರನೆಯದು ನಮ್ಮೂರಿನದು. ಮೊದಲ ಹಿಟ್ಟಿನ ಗಿರಣಿ ಶುರುವಾದದ್ದು, ಕಲ್ಲೋಳಿಯಿಂದ ಬಂದ ಬಸ್ಸು ಬಾಳೆಹಣ್ಣಿನ ಗಾಡಿಗೆ ಗುದ್ದಿದ್ದು, ಎಲ್ಲಕ್ಕೂ ಅಲ್ಲಿ ಜಾಗವಿದೆ. ಏನೂ ಸಿಗದಿದ್ದರೆ ‘ವಿಶೇಷ ಇಲ್ಲ’ ಎಂದು ಬರೆಯುತ್ತಾರೆ. ಸಾಲು ಮಾತ್ರ ಬಿಡುವುದಿಲ್ಲ.

ಎದುರಿನ ಚಹಾದಂಗಡಿಯ ಮಹಾದೇವ ದಿನವೂ ಕೇಳುತ್ತಾನೆ, “ಮಾಸ್ತರ, ಇವತ್ತ ಯಾರ್ ಹೋದ್ರಿ?”

“ಇಬ್ಬರು ಹೋಗ್ಯಾರ, ಒಬ್ಬಾಂವ ಹುಟ್ಟ್ಯಾನ. ನೀ ಚಾ ಕೊಡು.”

ಇದಕ್ಕೆಲ್ಲ ಆಧಾರ ಒಂದು ದಪ್ಪ ರಿಜಿಸ್ಟರು. ಅದರಲ್ಲಿ ವರ್ಷಕ್ಕೆ ಪುಟವಿಲ್ಲ, ದಿನಕ್ಕೆ ಪುಟವಿದೆ. ಯಾವ ಶತಮಾನದ್ದೇ ಆಗಲಿ, ಒಂದು ತಾರೀಖಿಗೆ ಆದದ್ದೆಲ್ಲ ಒಂದೇ ಪುಟಕ್ಕೆ. “ಇಸವಿ ಬರೀಬೇಕಲ್ರಿ ಕಾಕಾ,” ಎಂದು ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಗತ್ತಿನಲ್ಲಿ ಒಮ್ಮೆ ಹೇಳಿದ್ದೆ. “ಇಸವಿ ಹೊಳ್ಳಿ ಬರೂದಿಲ್ಲ ಯವ್ವಾ, ದಿನಾ ಹೊಳ್ಳಿ ಬರ್ತೈತಿ,” ಎಂದಿದ್ದರು. ಎಂ.ಎ. ಮಾಡಿದವಳು ಒಪ್ಪಿಕೊಂಡೆ. ಅಷ್ಟೇ ಅಲ್ಲ, ನಿಧಾನಕ್ಕೆ ಆ ರಿಜಿಸ್ಟರನ್ನು ಪಂಚಾಂಗದಂತೆ ನಂಬತೊಡಗಿದೆ. ಇಂಥ ದಿನದ ಆಸುಪಾಸು ಮೊದಲ ಮಳೆ, ಇಂಥ ವಾರ ಕರೆಂಟು ಹೋಗುವುದು ಖಾತ್ರಿ ಎಂದು ಅವರು ಪುಟ ತಿರುವಿ ಹೇಳುತ್ತಿದ್ದರು, ಹತ್ತರಲ್ಲಿ ಏಳು ಸಲ ಹಾಗೇ ಆಗುತ್ತಿತ್ತು. ಉಳಿದ ಮೂರು ಸಲದ್ದು ನಾವು ಮರೆತುಬಿಡುತ್ತಿದ್ದೆವು.

ಆ ದಿನ ಅವರ ಗುರುಗಳ ಪುಣ್ಯತಿಥಿ. ಆರು ಗಂಟೆಗೆ ವಾಚನಾಲಯದಲ್ಲಿ ಹಾಡುವುದು ವರ್ಷವೂ ಇದ್ದದ್ದೇ. ಗುರುಗಳೇ ಕೊಟ್ಟ ಪೇಟಿಯ ಎರಡು ಸ್ವರ ಕೆಟ್ಟಿದ್ದವೆಂದು ಹುಕ್ಕೇರಿಯ ಒಬ್ಬ ರಿಪೇರಿಯವರಲ್ಲಿ ಬಿಟ್ಟಿದ್ದರು. ಅದನ್ನು ತರಲು ಬೆಳಿಗ್ಗೆಯೇ ಬಸ್ಸಿಗೆ ಹೋಗಿದ್ದರು. ಮಧ್ಯಾಹ್ನ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದರು, ಪೇಟಿಯನ್ನು ಕಂಬಳಿಯಲ್ಲಿ ಸುತ್ತಿ, ಮಲಗಿದ ಕೂಸಿನ ಪಕ್ಕ ಕೂತಂತೆ ಅದರ ಪಕ್ಕದಲ್ಲಿ. ನಾನು ಅರ್ಧ ದಿನದ ರಜೆ ಹಾಕಿದ್ದೆ. ಪೇಟಿ ನನ್ನ ಕಾಲ ಬಳಿ ನಿಂತಿತು, ಕಾಕಾ ಹಿಂದೆ ಕೂತರು, ರಿಜಿಸ್ಟರು ಅವರ ಹೆಗಲ ಚೀಲದಲ್ಲಿ.

ನೇರ ಬಂದಿದ್ದರೆ ದೊಡ್ಡ ರಸ್ತೆಯಲ್ಲಿ ನಾಲ್ಕರೊಳಗೇ ಮನೆ. ತಬಲಾದವರು ಮೇಲವಂಕಿಯಲ್ಲಿದ್ದರು, ಫೋನು ಎತ್ತುತ್ತಿರಲಿಲ್ಲ. ಅಲ್ಲಿಗೆ ಹೋಗಿ ಎಬ್ಬಿಸಿದೆವು. ಮೋಟರ್‌ಸೈಕಲ್ಲಿನಲ್ಲಿ ಹಿಂದಿನಿಂದ ಬರುವುದಾಗಿ ಹೇಳಿದರು, ಚಹಾ ಕುಡಿಸಿದರು. ಆ ಚಹಾವನ್ನು ನಾನು ಮುಂದೆ ಎಷ್ಟು ಸಲ ಮನಸ್ಸಿನಲ್ಲೇ ಕುಡಿದಿದ್ದೇನೋ. ಬೇಡವೆಂದಿದ್ದರೆ, ಇನ್ನೊಂದು ಕಪ್ಪು ಕುಡಿದಿದ್ದರೆ ಎಂದು. ಆಗಲೇ ಹೊತ್ತಾಗಿತ್ತು. ದೊಡ್ಡ ರಸ್ತೆಗೆ ತಿರುಗಿ ಹೋಗುವ ಬದಲು ಹೊಳೆಯ ತಗ್ಗು ಸೇತುವೆ ದಾಟಿದರೆ ಅರ್ಧ ದಾರಿ ಉಳಿಯುತ್ತದೆ ಎಂದವಳು ನಾನೇ.

ಸೇತುವೆಯ ಮೇಲೆ ಹಿಮ್ಮಡಿಯೂ ಮುಳುಗದಷ್ಟು ತೆಳ್ಳಗೆ ನೀರು ಹರಿಯುತ್ತಿತ್ತು. ನಮ್ಮ ತಲೆಯ ಮೇಲೆ ಬಿಸಿಲು. ನಮ್ಮ ಕಡೆ ಹೊಳೆ ಹೀಗೇ. ಮಳೆ ಎಲ್ಲೋ ಮೇಲೆ ಘಟ್ಟದಲ್ಲಿ ಸುರಿಯುತ್ತದೆ, ಅಣೆಕಟ್ಟಿನಿಂದ ಬಿಟ್ಟ ನೀರು ಒಣ ನೆಲದವರ ಮುಂದೆ ಬಂದು ನಿಲ್ಲುತ್ತದೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಗಾಡಿ ನಿಲ್ಲಿಸಿದೆ.

“ಕಾಕಾ, ಹೋಗೂದ ಬ್ಯಾಡೇನ್ರಿ?”

ಕಾಕಾ ಚೀಲದಿಂದ ರಿಜಿಸ್ಟರು ತೆಗೆದರು. ನೀವು ನಗಬಹುದು, ನಾನು ಆಗ ನಗಲಿಲ್ಲ. ಕನ್ನಡಕ ಏರಿಸಿ ಆ ವಾರದ ಪುಟಗಳನ್ನೆಲ್ಲ ತಿರುವಿದರು. “ಈ ವಾರದಾಗ ಸೇತುವಿ ಮುಳುಗಿದ್ದು ಒಂದೂ ಇಲ್ಲ ನೋಡವಾ. ಎಲ್ಲಾ ಮುಂದ ಅದಾವ. ಇನ್ನೂ ಇಪ್ಪತ್ತು ದಿನಾ ಬೇಕು.”

ದಾಖಲೆ ಇದೆ ಎಂದ ಮೇಲೆ ಇತಿಹಾಸದವಳಿಗೆ ಬೇರೆ ಏನು ಬೇಕು. ಆಚೆ ದಂಡೆಯಲ್ಲಿ ಕುರಿಯ ಹಿಂಡು ಕಟ್ಟಿಕೊಂಡು ನಿಂತಿದ್ದ ಒಬ್ಬ ಮನುಷ್ಯ ಕೋಲೆತ್ತಿ ಬೀಸುತ್ತಿದ್ದ. ಬರ್ರಿ ಎನ್ನುತ್ತಿದ್ದಾನೆ ಎಂದುಕೊಂಡು ಹೊರಟೆ.

ನಡುವಿಗೆ ಬರುವಷ್ಟರಲ್ಲಿ ನೀರು ಕಣಕಾಲಿಗೆ ಬಂದಿತ್ತು. ಎಂಜಿನ್ ಎರಡು ಸಲ ಕೆಮ್ಮಿ ಆರಿತು. ಕೈಗಡಿಯಾರ ನೋಡಿಕೊಂಡು ತಲೆ ಎತ್ತಿದಾಗ ನೀರು ಮೊಣಕಾಲಿಗಿತ್ತು, ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಸೇತುವೆಯ ಅಂಚಿಗೆ ನೆಟ್ಟ ಗಿಡ್ಡ ಕಲ್ಲುಗಳ ತಲೆಯಷ್ಟೇ ಕಾಣುತ್ತಿತ್ತು. ಕುರಿಯವನ ದನಿ ಈಗ ಕೇಳಿಸಿತು. “ಗಾಡಿ ಬಿಡ್ರಿ. ಕಲ್ಲ ಹಿಡದ ಬರ್ರಿ.”

ಕಾಕಾ ಇಳಿದು ಒಂದು ಕಲ್ಲಿಗೆ ಆತುಕೊಂಡರು. “ಗಾಡಿ ಬಿಡು, ಯವ್ವಾ.”

ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಇಂದಿಗೂ ಹೇಳಲಾರೆ. ಗಾಡಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಕೈ ಹ್ಯಾಂಡಲ್ಲಿಗೆ ಅಂಟಿತ್ತು, ಬುದ್ಧಿಯ ಮಾತು ಕೈಗೆ ತಲುಪುತ್ತಿರಲಿಲ್ಲ. ಗಾಡಿಯ ಜೊತೆ ನಾನೂ ಒಂದೊಂದೇ ಗೇಣು ಅಂಚಿನ ಕಡೆ ಸರಿಯುತ್ತಿದ್ದೆ. ಕಾಕಾ ಇನ್ನೊಮ್ಮೆ ಹೇಳಿದರು, ಬೈದರು. ನನ್ನ ಕಿವಿಯಲ್ಲಿ ನೀರಿನ ಸದ್ದೊಂದೇ.

ಆಗ ಅವರು ಬಗ್ಗಿ, ನನ್ನ ಕಾಲ ಬಳಿಯ ಪೇಟಿಯನ್ನು ಕಂಬಳಿ ಸಮೇತ ಎತ್ತಿದರು. ಯಾರಿಗೂ ಮುಟ್ಟಲು ಕೊಡದ ಪೇಟಿ. ಅದರ ಮೇಲೆ ಚಹಾದ ಕಪ್ಪಿಟ್ಟದ್ದಕ್ಕೆ ಅಳಿಯನ ಜೊತೆ ಎಂಟು ದಿನ ಮಾತು ಬಿಟ್ಟಿದ್ದರು. ಅದನ್ನು ನನ್ನ ಮುಖದ ಮುಂದೆ ಹಿಡಿದು, ಹೊಳೆಯ ಕಡೆ ತಿರುಗಿ, ಕೈ ಬಿಟ್ಟರು. ಪೇಟಿ ಒಂದು ಗಳಿಗೆ ತೇಲಿತು, ಸೇತುವೆಯ ಕೆಳಗಿನ ಸುಳಿಯಲ್ಲಿ ಹೋಯಿತು.

“ನೋಡು, ನಾ ಬಿಟ್ಟೆ. ಈಗ ನೀ ಬಿಡು.”

ಕೈ ಬಿಟ್ಟಿತು.

ಮುಂದಿನದು ತುಂಡುತುಂಡಾಗಿ ನೆನಪಿದೆ. ಕಾಕಾರ ಮುಷ್ಟಿ ನನ್ನ ಮಣಿಕಟ್ಟಿಗೆ. ಒಂದು ಕಲ್ಲು, ಇನ್ನೊಂದು ಕಲ್ಲು. ಕುರಿಯವನು ಸೊಂಟದ ನೀರಿಗಿಳಿದು ಕೋಲು ಚಾಚಿದ್ದು. ಕೋಲಿನ ತುದಿ ಸಿಕ್ಕಿದ್ದು. ದಂಡೆಯ ಕೆಸರು ಕಾಲಿಗೆ ತಾಗಿದಾಗ ನಾನು ಕುರಿಗಳ ನಡುವೆ ಕೂತುಬಿಟ್ಟೆ. ಅವನ ಹೆಸರು ಲಕ್ಕಪ್ಪ. ಉಸಿರು ಬಂದ ಮೇಲೆ ಕಾಕಾರನ್ನು ಮೇಲಿನಿಂದ ಕೆಳಗೆ ನೋಡಿದ.

“ಮುಂಜಾನಿಯಿಂದ ನನ್ನ ಕುರಿ ಸೇತುವಿ ಮ್ಯಾಲ ಕಾಲ ಇಡವಲ್ಲವು. ಕುರಿಗೆ ತಿಳಿದದ್ದು ಮಾಸ್ತರಗ ತಿಳಿಯಂಗಿಲ್ಲೇನ್ರಿ?”

“ಕುರಿ ರಿಜಿಸ್ಟರ ಇಟ್ಟಿಲ್ಲಪಾ,” ಎಂದರು ಕಾಕಾ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಹೇಳಿದರು.

ಆ ಸಂಜೆ ಒಣ ಧೋತರ ಉಟ್ಟು ಅವರು ಹಾಡಿದರು, ಪೇಟಿ ಇಲ್ಲದೆ. ತಬಲಾದವರು ಆಚೆ ದಂಡೆಯಲ್ಲೇ ಉಳಿದಿದ್ದರು. ಮಹಾದೇವ ಚಹಾದ ತಟ್ಟೆಯ ಮೇಲೆ ತಾಳ ಹಾಕಿದ.

ನನ್ನ ನಿದ್ದೆ ಅಂದಿನಿಂದ ಕೆಟ್ಟಿತು. ಕಣ್ಣು ಮುಚ್ಚಿದರೆ ಹ್ಯಾಂಡಲ್ಲು ಕೈಯಲ್ಲಿ. ಅವ್ವ ದೃಷ್ಟಿ ತೆಗೆದಳು, ಡಾಕ್ಟರು ಗುಳಿಗೆ ಕೊಟ್ಟರು. ನೀರು ಇಳಿದ ಮೇಲೆ ಕಲ್ಲಿಗೆ ಸಿಕ್ಕಿಕೊಂಡಿದ್ದ ಸ್ಕೂಟಿ ದೊರೆಯಿತು, ಪೇಟಿ ದೊರೆಯಲಿಲ್ಲ. ಕಾಕಾ ರಿಜಿಸ್ಟರಿನ ಹಾಳೆಗಳನ್ನು ಮಾಳಿಗೆಯ ಮೇಲೆ ಒಣಗಿಸಿ, ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ದೊಡ್ಡದಾಗಿ ಬರೆದರು: ‘ಇದನ್ನು ನೋಡಿ ಯಾರೂ ಹೊಳೆ ದಾಟಬಾರದು.’ ಮಳೆಗಾಲ ಮುಗಿಯುವವರೆಗೂ ಹಲಗೆಯ ಮೂಲೆಯಲ್ಲಿ ಆ ಮಾತು ದಿನವೂ ಇತ್ತು. ಆದರೆ ಆ ತಾರೀಖಿನ ಪುಟದಲ್ಲಿ ಮೂರನೆಯ ಸಾಲಿನ ಜಾಗ ಖಾಲಿ ಇತ್ತು.

“ಬರೀರಿ ಕಾಕಾ,” ಎಂದು ನಾನು ಎಷ್ಟೋ ಸಲ ಕಾಡಿದೆ. ಬರೆದರೆ ಅದು ಪುಟದೊಳಗೆ ಹೋಗಿ ಕೂತೀತು, ನನ್ನನ್ನು ಬಿಟ್ಟೀತು ಎಂಬ ಆಸೆ. “ಆ ದಿನಾ ಹೊಳ್ಳಿ ಬರಲಿ, ನೋಡೂಣು,” ಎನ್ನುತ್ತಿದ್ದರು.

ಮೊನ್ನೆ ಆ ದಿನ ಹೊರಳಿ ಬಂತು. ಭಾನುವಾರ. ಏಳಕ್ಕೆ ಹೋಗಿ ಹಲಗೆಯ ಮುಂದೆ ನಿಂತೆ. ಕಾಕಾ ಮೊದಲ ಸಾಲಿನಲ್ಲಿ ಗುರುಗಳ ಹೆಸರು ಬರೆದರು. ಎರಡನೆಯದರಲ್ಲಿ, ದೂರದ ಎರಡು ದೇಶಗಳ ನಡುವಿನ ಯುದ್ಧ ನಿಂತದ್ದು. ಮೂರನೆಯ ಸಾಲಿಗೆ ಬಂದು ಸೀಮೆಸುಣ್ಣದ ತುದಿ ಊದಿ, ದುಂಡಗಿನ ಅಕ್ಷರದಲ್ಲಿ ಬರೆದರು: ‘ನಮ್ಮೂರು: ವಿಶೇಷ ಇಲ್ಲ.’

“ಕಾಕಾ, ನಾವು ಸಾಯಾಕತ್ತಿದ್ದಿವಲ್ರಿ.”

“ಸತ್ತೇವೇನು?”

“ಇಲ್ಲ.”

“ಸತ್ತಿದ್ರ ಬ್ಯಾರೇದವರು ಬರೀತಿದ್ರು. ನಿನ್ನ ಹೆಸರು, ನನ್ನ ಹೆಸರು, ನಾಲ್ಕು ಗಂಟೆ ಹತ್ತು ನಿಮಿಷ. ವರ್ಷಾ ವರ್ಷಾ ಮಂದಿ ನಿಂತು ಓದತಿದ್ರು.” ಕೈಯ ಧೂಳು ಕೊಡವಿದರು. “ಸತ್ತಿಲ್ಲ. ಅದಕ್ಕ ವಿಶೇಷ ಇಲ್ಲ.”

ಎದುರಿನಿಂದ ಮಹಾದೇವ ಕೂಗಿದ, “ಮಾಸ್ತರ, ಊರಾಗ ಇವತ್ತ ಏನೂ ಇಲ್ಲೇನ್ರಿ?”

“ಏನೂ ಇಲ್ಲಪಾ. ಛಲೋ ದಿನಾ. ಎರಡ ಚಾ ಕಳಸು.”

ಹಾಲಿನ ಕ್ಯಾನು ಹೊತ್ತ ಒಬ್ಬರು ಬಂದು, ಮೂರೂ ಸಾಲು ಓದಿ, ಮೂರನೆಯದಕ್ಕೆ ಬೇಸರಪಟ್ಟುಕೊಂಡು ಹೋದರು. ಆ ಬೇಸರವನ್ನು ನೋಡಿ ನನಗೆ ನಗು ಬಂತು. ಒಂದು ವರ್ಷದಲ್ಲಿ ಅಂಥ ನಗು ಬಂದಿರಲಿಲ್ಲ. ಕಾಕಾ ನನ್ನ ಕಡೆ ನೋಡಲಿಲ್ಲ, ಚಹಾ ಊದಿ ಕುಡಿದರು.

ಸಂಜೆ ತಬಲಾದವರು ದೊಡ್ಡ ರಸ್ತೆ ಹಿಡಿದು ಎರಡು ತಾಸು ಮೊದಲೇ ಬಂದರು. ಕೌಜಲಗಿಯಿಂದ ಎರವಲು ತಂದ ಪೇಟಿಯಲ್ಲಿ ಒಂದು ಸ್ವರ ಸೊರಗಿತ್ತು. ಕಾಕಾ ಆ ಸ್ವರವನ್ನು ಮುಟ್ಟದೆ, ಸುತ್ತುಹಾಕಿ ಹಾಡಿದರು. ಮನೆಗೆ ಬಂದು ಉಂಡು ಮಲಗಿದೆ.

ಎದ್ದಾಗ ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಹಾಸಿಗೆಯ ಪಕ್ಕ ಅವ್ವ ಇಟ್ಟುಹೋದ ಚಹಾ ಆರಿ ಕೆನೆಗಟ್ಟಿತ್ತು. “ಎಬ್ಬಸಬೇಕಿಲ್ಲೇನು?” ಎಂದು ರೇಗಿದೆ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. “ಎರಡ ಸಲ ಬಂದ್ ನೋಡಿದ್ನಿ,” ಎಂದಳು, “ಹೊಳ್ಳಿ ಹೋದ್ನಿ.”