ಲಾರಿಯಕ್ಕನ ಷರಾ

ಅವಳಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ. ಸ್ಕೂಟರ್ ಕೂಡ ಬರುತ್ತಿರಲಿಲ್ಲ. ಡ್ರೈವಿಂಗ್ ಶಾಲೆ ಇಟ್ಟುಕೊಂಡು ಊರಿಗೆಲ್ಲ ಕಲಿಸುತ್ತಿದ್ದ ಗಂಡ, ಇವಳೊಬ್ಬಳ ವಿಷಯದಲ್ಲಿ ಕೈಚೆಲ್ಲಿ ಕೂತಿದ್ದ. ಆದರೂ ಸೇನೆಯ ಡಿಪೋದಲ್ಲಿ ಚಾಲಕರೆಲ್ಲ ಅವಳನ್ನು ಕರೆಯುತ್ತಿದ್ದುದು ಲಾರಿಯಕ್ಕ ಅಂತಲೇ. ಯಾವ ಲಾರಿ ಯಾವ ದಿನ ಏನು ಹೊತ್ತು ಬೆಟ್ಟ ಹತ್ತಬೇಕು, ಎಲ್ಲಿ ತಂಗಬೇಕು, ಇಳಿಯುವಾಗ ರಜೆಯ ಮೇಲೆ ಬರುವವರನ್ನು ಎಲ್ಲಿ ಹತ್ತಿಸಿಕೊಳ್ಳಬೇಕು ಎಂಬುದನ್ನೆಲ್ಲ ಇಪ್ಪತ್ತಾರು ವರ್ಷಗಳಿಂದ ಗೊತ್ತುಮಾಡುತ್ತಿದ್ದವಳು ಅವಳು. ಮೈಮೇಲೆ ಸಮವಸ್ತ್ರವಿಲ್ಲ, ಹೆಗಲ ಮೇಲೆ ಪಟ್ಟಿಯಿಲ್ಲ. ಕತ್ತಿನಲ್ಲೊಂದು ಗುರುತಿನ ಚೀಟಿ: ನಾಗರಿಕ ಸಿಬ್ಬಂದಿ, ಸಾಗಣೆ ಯೋಜನೆ.

ಬೆಟ್ಟದ ಮೇಲೆ ಹನ್ನೊಂದು ಚೌಕಿ, ಅಲ್ಲಿಗೆ ಒಂದೇ ರಸ್ತೆ. ಹಿಮ ಬಿದ್ದು ಅದು ಮುಚ್ಚಿತೆಂದರೆ ಐದು ತಿಂಗಳು ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಆಕಾಶ ತಿಳಿಯಾಗಿದ್ದ ದಿನ ಹೆಲಿಕಾಪ್ಟರ್ ಹೋಗಿ ಔಷಧಿ, ಕಾಗದಪತ್ರ ಇಳಿಸಬಹುದು; ಸೀಮೆಎಣ್ಣೆಯ ಬ್ಯಾರೆಲ್‌ಗಳನ್ನಲ್ಲ. ಹಾಗಾಗಿ ಐದು ತಿಂಗಳ ಹಿಟ್ಟು, ಬೇಳೆ, ಬ್ಯಾಟರಿ, ಉರುವಲು ಎಲ್ಲವೂ ಮೊದಲೇ ಏರಿರಬೇಕು. ಕಾಗದದ ಮೇಲೆ ಡಿಪೋಗೆ ಐವತ್ತು ಲಾರಿ. ಆರು ಯಾವಾಗಲೂ ಗ್ಯಾರೇಜಿನಲ್ಲಿ ಬಾನೆಟ್ಟು ತೆರೆದು ನಿಂತಿರುತ್ತಿದ್ದವು. ಬೇರೆಯವರು ಐವತ್ತು ಎಣಿಸಿದರೆ ಅವಳು ನಲವತ್ತನಾಲ್ಕೇ ಎಣಿಸುತ್ತಿದ್ದಳು. ಎರಡನೇ ಮಹಡಿಯ ಅವಳ ಕೋಣೆಯ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಅಂಗಳದಲ್ಲಿ ಯಾವ ಎಂಜಿನ್ ಕೆಮ್ಮಿದರೂ ಅವಳ ಕಿವಿಗೆ ಬೀಳುತ್ತಿತ್ತು.

ಆ ವರ್ಷ ಡಿಪೋಗೆ ಹೊಸ ಕರ್ನಲ್ ಬಂದ. ಪಡೆ ಶುರುವಾಗಿ ನೂರು ವರ್ಷ ತುಂಬಿತ್ತು. ಬೆಟ್ಟದ ನಡುಮಧ್ಯದ ಶಿಬಿರದಲ್ಲಿ ದೊಡ್ಡ ಸಮಾರಂಭ ಆಗಬೇಕು, ಡೇರೆ, ಕುರ್ಚಿ, ರತ್ನಗಂಬಳಿ ಎಲ್ಲ ನಗರದಿಂದಲೇ ಹೋಗಬೇಕು ಎಂದು ಅವನ ಆಸೆ. ಅವಳನ್ನು ಕರೆಸಿದ.

"ಹನ್ನೆರಡು ಲಾರಿ, ಎರಡು ಟ್ರಿಪ್. ಅಷ್ಟೇ ನಾನು ಕೇಳ್ತಿರೋದು. ಸೀಮೆಎಣ್ಣೆ ಆಮೇಲೆ ಹೋಗುತ್ತೆ."

"ಆಮೇಲೆ ಅಂದ್ರೆ ಯಾವಾಗ ಸಾರ್?"

"ಸಮಾರಂಭ ಮುಗಿದ ಮೇಲೆ."

"ಸಮಾರಂಭ ಮುಗಿದ ಎರಡನೇ ದಿನಕ್ಕೆ ರಸ್ತೆ ಮುಚ್ಚುತ್ತೆ ಅಂತ ನಮ್ಮ ಲೆಕ್ಕ. ಮೇಲೆ ಹೋಗಿ ಬರೋಕೇ ನಾಲ್ಕು ದಿನ ಬೇಕು."

"ಹಿಮ ಏನು ನಿಮ್ಮ ಕ್ಯಾಲೆಂಡರ್ ನೋಡ್ಕೊಂಡು ಬೀಳುತ್ತಾ?"

"ಇಲ್ಲ ಸಾರ್. ನಿಮ್ಮ ಆಮಂತ್ರಣ ಪತ್ರಿಕೆ ನೋಡ್ಕೊಂಡೂ ಬೀಳಲ್ಲ."

ಕರ್ನಲ್‌ನ ಮುಖ ಗಂಟಿಕ್ಕಿತು. ಅವಳು ಹೇಳಿದಳು: "ಬರೆದುಕೊಡಿ ಸಾರ್. ಬಾಯಿಮಾತಿಗೆ ನಾನು ಒಂದು ಲಾರಿನೂ ಅಲ್ಲಾಡಿಸಲ್ಲ."

ಈ ಹಟ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ ಇಂಥದ್ದೇ ಒಂದು ಬಾಯಿಮಾತಿನ ಆದೇಶ ಫೋನಿನಲ್ಲಿ ಬಂದಿತ್ತು. ಆಗಿನ್ನೂ ಅಧಿಕಾರಿಗಳ ದನಿ ಕೇಳಿದರೆ ಎದ್ದು ನಿಲ್ಲುವ ಪ್ರಾಯ. ರಬ್ಬರ್ ತೆಗೆದುಕೊಂಡು ಯೋಜನೆಯಲ್ಲಿದ್ದ ಉರುವಲಿನ ಒಂದು ಸಾಲನ್ನು ಅಳಿಸಿದ್ದಳು. ಆ ಸಲ ರಸ್ತೆ ಬೇಗ ಮುಚ್ಚಿತು. ವಸಂತದಲ್ಲಿ ಮೇಲಿನಿಂದ ಬಂದ ಸಾಮಾನು ಪಟ್ಟಿಯಲ್ಲಿ ಹೀಗಿತ್ತು: ಮಂಚ ಇಪ್ಪತ್ತೆರಡು, ಬಾಗಿಲು ನಾಲ್ಕು, ಉರಿಸಲಾಗಿದೆ. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಒಬ್ಬ ಸಿಪಾಯಿಯ ಬೆರಳುಗಳು ಚಳಿಗೆ ಕಪ್ಪಾಗಿ ಏಳನ್ನು ಕತ್ತರಿಸಬೇಕಾಯಿತು. ಮುಂದೆ ಅವನಿಗೆ ಡಿಪೋದ ಗೇಟಿನಲ್ಲೇ ಪಾಸ್ ಬರೆಯುವ ಕೆಲಸ ಸಿಕ್ಕಿತು. ಎರಡು ಅಂಗೈಗಳ ನಡುವೆ ಪೆನ್ಸಿಲ್ ಹಿಡಿದು, ಎಲ್ಲರಿಗಿಂತ ದುಂಡಗೆ ಬರೆಯುತ್ತಿದ್ದ.

ಅವನು ಸೇರಿದ ಮೊದಲ ವಾರವೇ ಅವಳು ಗೇಟಿಗೆ ಹೋಗಿ, "ಆ ಸಾಲು ಅಳಿಸಿದ್ದು ನಾನು" ಎಂದಿದ್ದಳು.

ಅವನು ಪಾಸ್ ಪುಸ್ತಕ ಮುಚ್ಚಿಟ್ಟ. ಆಮೇಲೆ ಕೇಳಿದ: "ಫೋನ್ ಮಾಡಿದವರ ಹೆಸರು ಎಲ್ಲಾದ್ರೂ ಬರೆದಿದೆಯಾ ಮೇಡಂ?"

"ಇಲ್ಲ."

"ಹಾಗಾದ್ರೆ ಮುಂದಿನ ಸಲ ಬರೆಸ್ಕೊಳ್ಳಿ."

ಈ ಸಲ ಬರೆಸಿಕೊಂಡಳು. ಕರ್ನಲ್‌ನ ಆದೇಶ ಸಂಜೆಯೊಳಗೆ ಬಂತು. ಅದರ ಕೆಳಗೆ ಅವಳು ಷರಾ ಬರೆದಳು: "ಈ ಆದೇಶ ಜಾರಿಯಾಗಿ ರಸ್ತೆ ಎಂದಿನಂತೆ ಮುಚ್ಚಿದರೆ ಮೇಲಿನ ಮೂರು ಚೌಕಿಗಳಿಗೆ ಸೇರಬೇಕಾದ ಮುನ್ನೂರ ಎಂಬತ್ತನಾಲ್ಕು ಬ್ಯಾರೆಲ್ ಸೀಮೆಎಣ್ಣೆ ತಲುಪುವುದಿಲ್ಲ. ನನ್ನ ಒಪ್ಪಿಗೆಯಿಲ್ಲ. ಈ ಯೋಜನೆಗೆ ನಾನು ರುಜು ಹಾಕುವುದಿಲ್ಲ." ದಾಸ್ತಾನು ಯೋಜನೆ ಬದಲಾದರೆ ಆಯಾ ಚೌಕಿಗೆ ಪ್ರತಿ ಹೋಗಬೇಕೆಂಬ ಹಳೆಯ ನಿಯಮವೊಂದಿತ್ತು, ಯಾರೂ ಪಾಲಿಸುತ್ತಿರಲಿಲ್ಲ. ಅವಳು ಪಾಲಿಸಿದಳು. ಮೂರು ಚೌಕಿಗೂ, ಕೇಂದ್ರ ಕಚೇರಿಗೂ ಪ್ರತಿಗಳನ್ನು ತಾನೇ ಟಪಾಲಿಗೆ ಹಾಕಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವಳ ಕುರ್ಚಿಯ ಮೇಲೆ ವರ್ಗಾವಣೆಯ ಕಾಗದ ಕೂತಿತ್ತು. ಡಿಪೋದ ಹಿತ್ತಿಲಲ್ಲಿ ಹಳೆಯ ಸಮವಸ್ತ್ರಗಳ ಗೋದಾಮಿಗೆ. ಯೋಜನೆಗೆ ಪಕ್ಕದ ಮೇಜಿನವನು ರುಜು ಹಾಕಿದ. "ಅಕ್ಕಾ, ನನ್ನ ಮಕ್ಕಳಿನ್ನೂ ಚಿಕ್ಕವು" ಎಂದ, ಕಣ್ಣು ತಪ್ಪಿಸಿ. "ಬೆಟ್ಟದ ಮೇಲಿರೋರೂ ಯಾರದ್ದೋ ಮಕ್ಕಳೇ ಕಣಪ್ಪ" ಎಂದು ಹೇಳಿ, ಅವಳು ತನ್ನ ಟಿಫಿನ್ ಡಬ್ಬಿ ಎತ್ತಿಕೊಂಡು ಇಳಿದಳು.

ಸಮಾರಂಭ ಚೆನ್ನಾಗಿಯೇ ನಡೆಯಿತು. ಆಮೇಲೆ ಇಡೀ ಡಿಪೋ ಆಕಾಶ ನೋಡತೊಡಗಿತು. ಲೆಕ್ಕದ ದಿನ ಬಂತು, ಹೋಯಿತು. ಹಿಮ ಬೀಳಲಿಲ್ಲ. ಒಂದು ವಾರ, ಎರಡು ವಾರ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಒಟ್ಟು ಇಪ್ಪತ್ತಮೂರು ದಿನ ರಸ್ತೆ ತೆರೆದೇ ಇತ್ತು. ಮುನ್ನೂರ ಎಂಬತ್ತನಾಲ್ಕು ಬ್ಯಾರೆಲ್‌ಗಳೂ ಒಂದೊಂದಾಗಿ ಮೇಲೆ ಹೋದವು. ಕೊನೆಯ ಲಾರಿ ಇಳಿದು ಬಂದ ದಿನ ಅವಳು ಗೋದಾಮಿನಲ್ಲಿ ಕೋಟುಗಳ ರಾಶಿಯ ಮೇಲೆ ಕೂತು, ಉಸ್ಸಪ್ಪ ಎಂದು ನಿಟ್ಟುಸಿರು ಬಿಟ್ಟಳು.

ಅದೇ ವಾರ ಕರ್ನಲ್ ಗೋದಾಮಿನ ಬಾಗಿಲಿಗೆ ಬಂದ. "ಏನ್ರೀ, ಎಲ್ಲಿ ನಿಮ್ಮ ಹಿಮ?"

"ನನ್ನದಲ್ಲ ಸಾರ್ ಅದು. ಆ ಬ್ಯಾರೆಲ್ಲು ತಲುಪಿದ್ದು ನಿಮ್ಮ ಅದೃಷ್ಟ. ಅದೃಷ್ಟ ನಂಬ್ಕೊಂಡು ಬರೆಯೋದಾದ್ರೆ ಯೋಜನೆ ಯಾಕೆ ಬೇಕು?"

"ಷರಾ ಹಿಂದಕ್ಕೆ ತಗೊಂಡೆ ಅಂತ ಒಂದು ಸಾಲು ಬರೀರಿ. ನಾಳೆನೇ ನಿಮ್ಮ ಕುರ್ಚಿಗೆ ವಾಪಸ್ ಬನ್ನಿ."

ಅವನು ಮುಂದೆ ಚಾಚಿದ ಕಾಗದವನ್ನು ಅವಳು ಇಸಿದುಕೊಂಡಳು. ಪೆಟ್ಟಿಗೆಯೊಂದರ ಮೇಲೆ ಇಟ್ಟು, "ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಬರೆದು, ದಿನಾಂಕ ಹಾಕಿ ಕೊಟ್ಟಳು.

ಕ್ಯಾಂಟೀನಿನಲ್ಲಿ ಅವಳು ಕಂಡರೆ ಸಾಕು, ಯಾರಾದರೊಬ್ಬರು ಮೈ ನಡುಗಿಸಿ, "ಅಯ್ಯೋ, ಎಂಥಾ ಚಳಿ!" ಎನ್ನುತ್ತಿದ್ದರು. ಮನೆಯಲ್ಲಿ ಮಗಳು ನುಸಿಗುಳಿಗೆಯ ವಾಸನೆಗೆ ಮೂಗು ಹಿಡಿದುಕೊಳ್ಳುತ್ತಿದ್ದಳು. ಗಂಡ, "ಒಂದು ಸಾಲು ಬರೆದು ಬಿಸಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ. ಅತ್ತೆ ಮಾತ್ರ ಸೌಟು ಹಿಡಿದುಕೊಂಡು ಜೋರಾಗಿ ನಕ್ಕರು.

"ಹಿಮ ಬೀಳ್ಲಿಲ್ಲ ಅಂತ ಬೈಸ್ಕೊಂಡ ಸೊಸೆ ಲೋಕದಲ್ಲಿ ನೀನೊಬ್ಬಳೇ ಕಣೇ. ಅದಿರಲಿ, ನೀನು ಬರೆದಿದ್ದು ಸರಿನಾ?"

"ಸರಿ ಅತ್ತೆ."

"ಸರಿ ಅಂದ್ಮೇಲೆ ಮುಖ ಯಾಕೆ ಹಾಗಿಟ್ಕೊಂಡಿದೀಯ? ಊಟ ಆರ್ತಾ ಇದೆ, ಕೂತ್ಕೋ."

ಗೋದಾಮಿನಲ್ಲಿ ಎಂಟು ತಿಂಗಳು ಕಳೆದಳು. ಒಂದಕ್ಕೊಂದು ಹೊಂದದ ಒಂದು ಸಾವಿರ ಕೈಗವಸುಗಳನ್ನು ಜೋಡಿ ಮಾಡಿದಳು. ನಡುನಡುವೆ ಚಾಲಕರು ಕದ್ದು ಫೋನ್ ಮಾಡುತ್ತಿದ್ದರು. "ಅಕ್ಕಾ, ಮೂರನೇ ಸೇತುವೆ ರಿಪೇರಿ ಅಂತೆ, ಏನ್ ಮಾಡೋದು?" ಅವಳು ಗದರುತ್ತಿದ್ದಳು: "ನಾನೀಗ ಹಳೆ ಕೋಟಿನ ಇಲಾಖೆ, ನನ್ನನ್ನ ಯಾಕೆ ಕೇಳ್ತೀರಿ?" ಮರುಕ್ಷಣವೇ, "ಹೇಳು, ಎಷ್ಟು ಟನ್ ಇದೆ?"

ಬೇಸಿಗೆಯಲ್ಲಿ ಕರ್ನಲ್ ಬಡ್ತಿ ಪಡೆದು ಬೇರೆ ಕಡೆ ಹೋದ. ಹೊಸದಾಗಿ ಬಂದವಳು ಒಬ್ಬ ಮಹಿಳಾ ಅಧಿಕಾರಿ. ಬಂದ ಮೂರನೇ ವಾರವೇ ಗೋದಾಮಿಗೆ ಹೇಳಿಕಳಿಸಿದಳು. ಹಳೆಯ ಕುರ್ಚಿ ಮರಳಿ ಸಿಕ್ಕಿತು. ಚಳಿಗಾಲದ ಯೋಜನೆ ಮುಂದಿಟ್ಟಾಗ ಹೊಸ ಅಧಿಕಾರಿ ದಿನಾಂಕದ ಮೇಲೆ ಬೆರಳಿಟ್ಟಳು.

"ಹೋದ ವರ್ಷ ರಸ್ತೆ ಇಪ್ಪತ್ತಮೂರು ದಿನ ಜಾಸ್ತಿ ತೆರೆದಿತ್ತಲ್ಲ? ಒಂದು ಹತ್ತು ದಿನ ಸೇರಿಸಿ. ಲಾರಿಗಳಿಗೂ ಸ್ವಲ್ಪ ಬಿಡುವು ಸಿಗುತ್ತೆ."

"ಒಂದು ದಿನನೂ ಸೇರಿಸಲ್ಲ ಮೇಡಂ."

"ಮತ್ತೆ ಷರಾ ಬರೀತೀರಾ?"

"ನೀವು ಬರೆಸಿದ್ರೆ ಬರೀತೀನಿ. ಗೋದಾಮಿನ ದಾರಿ ಗೊತ್ತಿದೆ ನನಗೆ."

ಅಧಿಕಾರಿ ಯೋಜನೆಯನ್ನು ಮತ್ತೆ ತನ್ನತ್ತ ಎಳೆದುಕೊಂಡಳು. ಕೂತುಕೊಳ್ಳಿ ಎಂದರೂ ಅವಳು ಕೂರಲಿಲ್ಲ. ಹನ್ನೊಂದು ಪುಟಗಳನ್ನೂ ಒಂದೊಂದಾಗಿ ಓದಿದ ಮೇಲೆ ಅಧಿಕಾರಿ ರುಜು ಹಾಕಿದಳು.

ಅಲ್ಲಿಂದ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಅಷ್ಟರಲ್ಲಿ ಅವಳು ಇನ್ನೂ ಮೂರು ಷರಾ ಬರೆದಳು. ಎರಡನ್ನು ಒಪ್ಪಿದರು, ಒಂದನ್ನು ತಳ್ಳಿಹಾಕಿದರು. ಆ ಒಂದರ ವಿಷಯ ಎತ್ತಿದರೆ ಈಗಲೂ ಅವಳು ಕನ್ನಡಕ ತೆಗೆದಿಟ್ಟು, ತಪ್ಪು ಅವರದೇ ಎಂದು ಮೊದಲಿನಿಂದ ವಿವರಿಸಲು ಶುರುಮಾಡುತ್ತಾಳೆ.